ಹಳೆ ಸೀರೆ ತಗೊಂಡು ಬನ್ನಿ

ಹೋದ ಭಾನುವಾರ ಬೆಂಗಳೂರಿನಲ್ಲಿ ಒಂದು ಬಟ್ಟೆ ಪ್ರದರ್ಶನಕ್ಕೆ ಹೋಗಿದ್ದೆ. ಕೈಮಗ್ಗದ ಸೀರೆ, ಗಿಡಮೂಲಿಕೆಯ ಬಣ್ಣ, ಹಳೆ ಜೀನ್ಸ್‌ನಿಂದ ಹೊಲಿದ ಚೀಲ, ತುಂಡು ಬಟ್ಟೆಯ ಜಾಕೆಟ್. ಖುಷಿಯಿಂದ ಎರಡು ಗಂಟೆ ಸುತ್ತಾಡಿದೆ. ಕೊನೆಯ ಮಳಿಗೆಯ ಗೋಡೆ ಮೇಲೆ ಒಂದು ಕೌದಿ ತೂಗುಹಾಕಿದ್ದರು. ಅಲ್ಲೇ ನಿಂತುಬಿಟ್ಟೆ. ನಾನು ಧಾರವಾಡದ ಕಡೆಯವಳು. ಹಳೆ ಬಟ್ಟೆಯ ಪದರಗಳನ್ನು ಜೋಡಿಸಿ ಹೊಲಿದ ಕೌದಿ ಹೊದ್ದುಕೊಂಡೇ ಬೆಳೆದವಳು.

ಪಕ್ಕದ ಚೀಟಿಯಲ್ಲಿ 'ಅಪ್‌ಸೈಕಲ್ಡ್ ಕ್ವಿಲ್ಟ್' ಅಂತ ಬರೆದಿತ್ತು, ಹಳೆ ಬಟ್ಟೆಗೆ ಹೊಸ ರೂಪ ಕೊಟ್ಟ ಹೊದಿಕೆ ಅಂತ. ಬೆಲೆ 18 ಸಾವಿರ. ಬೆಲೆ ಬಗ್ಗೆ ನನ್ನ ತಕರಾರಿಲ್ಲ. ಅದರ ಹಿಂದೆ ಎಷ್ಟು ದಿನದ ಕೆಲಸ ಇದೆ ಅನ್ನೋದು ನನಗೆ ಗೊತ್ತು. "ಇದನ್ನ ಹೊಲಿದವರು ಯಾರು?" ಅಂತ ಕೇಳಿದೆ. "ಹಳ್ಳಿ ಹೆಣ್ಣುಮಕ್ಕಳು ಮೇಡಂ" ಅಂದರು. ಯಾವ ಹಳ್ಳಿ ಅಂದರೆ ಗೊತ್ತಿಲ್ಲ. ಮುಟ್ಟಿ ನೋಡಿದೆ. ಬಟ್ಟೆಯ ಗಂಜಿ ಇನ್ನೂ ಹೋಗಿರಲಿಲ್ಲ. ಒಂದು ಸಲವೂ ಯಾರೂ ಉಡದ, ಒಗೆಯದ ಹೊಸ ಬಟ್ಟೆಯನ್ನೇ ಕತ್ತರಿಸಿ ಹಳೆಯದರಂತೆ ಜೋಡಿಸಿದ್ದರು. ಮನಸ್ಸಿಗೆ ತುಂಬಾ ನೋವಾಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕೌದಿ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಹೇಳಬೇಕು. ನಮ್ಮ ಮನೆಯಲ್ಲಿ ಬೇಸಿಗೆಯಲ್ಲಿ ಕೌದಿ ಹಾಕುತ್ತಿದ್ದರು. ಪಡಸಾಲೆ ಸಾರಿಸಿ ಒಣಗಿದ ಮೇಲೆ ಆಯಿ, ಅಂದರೆ ನನ್ನ ಅಜ್ಜಿ, ತನ್ನ ಹಳೆ ಇಳಕಲ್ ಸೀರೆ ಹಾಸುತ್ತಿದ್ದಳು. ಅದರ ಮೇಲೆ ಅಜ್ಜನ ಹರಿದ ಧೋತರ, ಅದರ ಮೇಲೆ ಇನ್ನೊಂದು ಸೀರೆ. ನಾಲ್ಕೈದು ಪದರ ಆದ ಮೇಲೆ ಅಂಗೈಯಿಂದ ಸುಕ್ಕು ಒತ್ತಿ ಒತ್ತಿ ತೆಗೆದು ನಾಲ್ಕು ಮೂಲೆಗೆ ಕಲ್ಲು ಇಡುತ್ತಿದ್ದಳು. ಮೇಲೆ ಬರುವ ತುಂಡುಗಳನ್ನು ಆರಿಸುವುದು ನಮ್ಮಂಥ ಹುಡುಗಿಯರ ಕೆಲಸ. ಗುಳೇದಗುಡ್ಡದ ಖಣದ ಚೂರು, ಅತ್ತೆಯ ಜಂಪರು, ನನ್ನ ಸಣ್ಣಂದಿನ ಲಂಗ. ಆಮೇಲೆ ಇಬ್ಬರು ಮೂವರು ಸುತ್ತ ಕೂತು ಸೂಜಿ ಹಿಡಿಯುತ್ತಿದ್ದರು. ಅಕ್ಕಿಕಾಳಿನಷ್ಟು ಸಣ್ಣ ಟಾಕಿ, ಅಂದರೆ ಹೊಲಿಗೆ. ದೊಡ್ಡದಾದರೆ ಆಯಿ ಬಿಚ್ಚಿಸುತ್ತಿದ್ದಳು. "ಕಾಲ್ಬೆರಳು ಸಿಕ್ಕು ಹರಿತದ ಯವ್ವಾ, ಸಣ್ಣ ಟಾಕಿ ಹಾಕು" ಅನ್ನುತ್ತಿದ್ದಳು. ಕೊನೆಯ ಮೂಲೆ ಮುಚ್ಚುವ ಮೊದಲು ಅದರೊಳಗೆ ಒಂದು ಚೂರು ಹೋಳಿಗೆ ಇಡುತ್ತಿದ್ದಳು. ಕೌದಿಯ ಹೊಟ್ಟೆ ಹಸಿದಿರಬಾರದಂತೆ.

ಉತ್ತರ ಕನ್ನಡದಲ್ಲಿರುವ ಆಫ್ರಿಕಾ ಮೂಲದ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕವಂದಿಯೂ ಇದೇ ಬಳಗದ್ದು. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡಂಚಿನ ಊರುಗಳಲ್ಲಿ ಇದನ್ನು ಇವತ್ತಿಗೂ ಹೊಲಿಯುತ್ತಾರೆ. ಅವರು ಒಂದು ಮೂಲೆಯಿಂದ ಶುರು ಮಾಡಿ ಅಂಚಿನ ಸುತ್ತ ಹೊಲಿಯುತ್ತಾ ಹೊಲಿಯುತ್ತಾ ನಡುವಿಗೆ ಬರುತ್ತಾರೆ. ಮೂಲೆಗಳಲ್ಲಿ ಮಡಚಿದ ಬಟ್ಟೆಯ ತ್ರಿಕೋನಗಳನ್ನು ಇಡುತ್ತಾರೆ. ಅದಕ್ಕೆ ಫೂಲ ಅನ್ನುತ್ತಾರೆ, ಹೂವು ಅಂತ. ಹೂವಿಲ್ಲದ ಕವಂದಿ ಅವರ ಕಣ್ಣಿಗೆ ಮುಗಿದ ಕವಂದಿಯೇ ಅಲ್ಲ. 2011ರಲ್ಲಿ ಈ ಕವಂದಿಗಳು ನ್ಯೂಯಾರ್ಕಿನಲ್ಲಿ ಕಪ್ಪು ಜನರ ಸಂಸ್ಕೃತಿಯ ಅಧ್ಯಯನಕ್ಕಿರುವ ಶೋಂಬರ್ಗ್ ಕೇಂದ್ರದ ಗೋಡೆ ಏರಿದವು. ಆಫ್ರಿಕಾ ಮೂಲದ ಜನರ ಕಲೆ ಅಂತ ಅಲ್ಲಿ ಗೌರವದಿಂದ ತೋರಿಸಿದರು. ನಮ್ಮಲ್ಲಿ ಎಷ್ಟು ಜನ ಹಳಿಯಾಳಕ್ಕೆ ಹೋಗಿ ಒಂದು ಕವಂದಿ ನೋಡಿದ್ದೇವೆ ಹೇಳಿ?

ಗೋಡೆಗೆ ಹಾಕಬಾರದು ಅಂತ ನಾನು ಹೇಳುತ್ತಿಲ್ಲ. ಅಮೆರಿಕದ ಅಲಬಾಮಾದಲ್ಲಿ ಜೀಸ್ ಬೆಂಡ್ ಅಂತ ಒಂದು ಊರಿದೆ. ಅಲ್ಲಿನ ಕಪ್ಪು ಹೆಣ್ಣುಮಕ್ಕಳು ಗಂಡಂದಿರ ಹೊಲದ ಪ್ಯಾಂಟು, ಹರಿದ ಅಂಗಿಗಳಿಂದ ಹೊಲಿದ ಕೌದಿಗಳನ್ನು 2002ರಲ್ಲಿ ಹ್ಯೂಸ್ಟನ್‌ನ ಮ್ಯೂಸಿಯಂನಲ್ಲಿ ತೋರಿಸಿದರು. ಅದೇ ವರ್ಷ ನ್ಯೂಯಾರ್ಕಿಗೂ ಹೋದವು. ಆ ಕೌದಿಗಳ ಜೊತೆ ಹೊಲಿದವರ ಹೆಸರಿತ್ತು. ಅಷ್ಟಾದರೂ ನಮ್ಮ ಪ್ರದರ್ಶನಗಳಲ್ಲಿ ಬೇಡವಾ? ಚಿತ್ರದ ಕೆಳಗೆ ಚಿತ್ರಕಾರನ ಹೆಸರು ಹಾಕುತ್ತೇವೆ. ಕೌದಿಯ ಕೆಳಗೆ ಮಾತ್ರ 'ಹಳ್ಳಿ ಹೆಣ್ಣುಮಕ್ಕಳು' ಅಂತ ಬರೆದು ಮುಗಿಸುತ್ತೇವೆ.

ಆದರೆ ನನ್ನ ದೊಡ್ಡ ಮಾತು ಬೇರೆ. ಇಂಥ ಪ್ರದರ್ಶನಗಳಿಗೆ ನಾವು ಖಾಲಿ ಕೈಯಲ್ಲಿ ಹೋಗಿ ಚೀಲ ತುಂಬಿಕೊಂಡು ಬರುತ್ತೇವೆ. ಅದು ಉಲ್ಟಾ ಆಗಬೇಕು. ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು 78 ಲಕ್ಷ ಟನ್ ಬಟ್ಟೆ ತ್ಯಾಜ್ಯ ಸೇರುತ್ತದೆ ಅಂತ 2022ರ ಒಂದು ವರದಿ ಲೆಕ್ಕ ಹಾಕಿತ್ತು. ಮಿಲ್ಲು, ಗಾರ್ಮೆಂಟ್ ಫ್ಯಾಕ್ಟರಿಗಳ ತುಂಡುಗಳೂ ಆ ಲೆಕ್ಕದಲ್ಲಿವೆ, ನಮ್ಮ ಮನೆಯ ಬೀರುವಿನಿಂದ ಹೋಗಿದ್ದೂ ಇದೆ. ಹಳೆ ಬಟ್ಟೆಯಿಂದ ಮಾಡಿದ ಹೊಸ ಚೀಲ ಕೊಂಡರೆ ನಮ್ಮ ಬೀರುವಿನಲ್ಲಿ ಒಂದು ಚೀಲ ಜಾಸ್ತಿ ಆಯಿತು, ಅಷ್ಟೇ. ಅಲ್ಲಿರುವ ಹರಿದ ಸೀರೆ ಅಲ್ಲೇ ಇರುತ್ತದೆ.

ಕೇರಳದ ಚೇಕುಟ್ಟಿ ಬೊಂಬೆ ನೆನಪಿದೆಯಾ? 2018ರ ಪ್ರವಾಹದಲ್ಲಿ ಚೇಂದಮಂಗಲಂನ ನೇಕಾರರ ಸೀರೆಗಳು ಕೆಸರು ತುಂಬಿ ಹಾಳಾದವು. ಓಣಂ ಹಬ್ಬಕ್ಕೆ ಅಂತ ನೇಯ್ದಿಟ್ಟ ಮಾಲು. ಸುಟ್ಟುಬಿಡುವ ಮಾತು ನಡೆದಿತ್ತು. ಆಗ ಲಕ್ಷ್ಮಿ ಮೆನನ್ ಮತ್ತು ಗೋಪಿನಾಥ್ ಪಾರಯಿಲ್ ಆ ಸೀರೆಗಳನ್ನು ತೊಳೆಸಿ, ಕತ್ತರಿಸಿ, ಬೊಂಬೆ ಮಾಡಿಸಿದರು. 1,300 ರೂಪಾಯಿ ಆಸುಪಾಸಿನ ಒಂದು ಸೀರೆಯಿಂದ 360 ಬೊಂಬೆ. ಒಂದಕ್ಕೆ 25 ರೂಪಾಯಿ. ಅಂದರೆ ಹಾಳಾದ ಸೀರೆಗೆ 9,000 ರೂಪಾಯಿ! ನನಗೆ ಈ ಲೆಕ್ಕಕ್ಕಿಂತ ಇಷ್ಟವಾದದ್ದು ಅದನ್ನು ಮಾಡಿದ ರೀತಿ. ಮಕ್ಕಳು, ಕಾಲೇಜು ಹುಡುಗರು, ಆಫೀಸಿನವರು ಗುಂಪಾಗಿ ಕೂತು ತಾವೇ ಬೊಂಬೆ ಕಟ್ಟಿದರು. ಕೆಸರಿನ ಕಲೆಯನ್ನು ಮುಚ್ಚಲಿಲ್ಲ. ಹಾಗೇ ಬಿಟ್ಟರು.

ಬೆಂಗಳೂರಿನಲ್ಲಿ 2015ರಿಂದ ರಿಪೇರಿ ಕೆಫೆ ನಡೆಸುತ್ತಾ ಬಂದವರೂ ಇದ್ದಾರೆ. ಕೆಟ್ಟ ಮಿಕ್ಸರ್, ಹರಿದ ಚೀಲ ತಗೊಂಡು ಹೋಗಿ, ಬಲ್ಲವರ ಪಕ್ಕ ಕೂತು ನಾವೇ ಸರಿ ಮಾಡಿಕೊಂಡು ಬರುವುದು. ಪ್ರತಿ ಬಟ್ಟೆ ಪ್ರದರ್ಶನದಲ್ಲೂ ಇಂಥ ಒಂದು ಮೂಲೆ ಇರಲಿ. ನಾಲ್ಕು ಚಾಪೆ, ಸೂಜಿ ದಾರ, ಇಬ್ಬರು ಕೌದಿ ಹೊಲಿಯುವವರು. ಜನ ಹಳೆ ಸೀರೆ ತರಲಿ, ಅಲ್ಲೇ ಕೌದಿಗೆ ಒಪ್ಪಿಸಲಿ. ಕೂಲಿ ಎಷ್ಟು ಅಂತ ಹೊಲಿಯುವವರೇ ಎದುರಿಗೆ ಕೂತು ಹೇಳಲಿ. ಆಗ ಹೆಸರೂ ಗೊತ್ತಾಗುತ್ತದೆ, ಊರೂ ಗೊತ್ತಾಗುತ್ತದೆ.

ಈ ಬೇಸಿಗೆಯಲ್ಲಿ ಊರಿಗೆ ಹೋದಾಗ ನಾನೇ ಒಂದು ಕೌದಿ ಹಾಕಿಸಿದೆ. ಬೆಂಗಳೂರಿನಿಂದ ಹನ್ನೊಂದು ಸೀರೆ ಕಟ್ಟಿಕೊಂಡು ಹೋಗಿದ್ದೆ. ಓಣಿಯ ಇಬ್ಬರು ಅಕ್ಕಂದಿರು ಬಂದರು. ದೊಡ್ಡಾಕಿ ಒಂದೊಂದೇ ಸೀರೆ ಹಿಡಿದು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ ನೋಡಿದರು. ಏಳು ಸೀರೆಗಳನ್ನು ಪಕ್ಕಕ್ಕೆ ಇಟ್ಟರು. "ಇವು ಕೌದಿಗೆ ಬರೂದಿಲ್ಲ ತಂಗಿ. ಜಾರತಾವ, ಸೂಜಿ ಹಿಡಿಯೂದಿಲ್ಲ. ಹೊತ್ತಕೊಂಡ್ರ ಬೆವರತೀರಿ" ಅಂದರು. ಏಳೂ ಪಾಲಿಯೆಸ್ಟರ್. ನಾನೇ ಆಸೆಪಟ್ಟು ಕೊಂಡಿದ್ದು. ಉಳಿದ ನಾಲ್ಕು ಹತ್ತಿಯವು, ಅದರಲ್ಲಿ ಎರಡು ಅವ್ವನವು.

ಅವತ್ತಿನಿಂದ ಅಂಗಡಿಯಲ್ಲಿ ಬಟ್ಟೆ ಮುಟ್ಟುವಾಗೆಲ್ಲ ಆ ಅಕ್ಕನ ಎರಡು ಬೆರಳು ನೆನಪಾಗುತ್ತದೆ. ಇದು ಹಳೆಯದಾದ ಮೇಲೆ ಕೌದಿಗೆ ಬರುತ್ತದಾ? ಹೆಗ್ಗೋಡಿನ ಹತ್ತಿರ ಭೀಮನಕೋಣೆಯ ಚರಕ ಮಹಿಳಾ ಸಹಕಾರ ಸಂಘದವರು ಅಡಿಕೆ ಚೊಗರಿನಲ್ಲಿ ಬಣ್ಣ ಹಾಕಿ ನೇಯುವ ಹತ್ತಿ ಬಟ್ಟೆ ಖಂಡಿತ ಬರುತ್ತದೆ. ನನ್ನ ಒಂದು ಕುರ್ತಾ ಎಂಟು ವರ್ಷದ್ದು. ಒಗೆದಷ್ಟೂ ಮೆತ್ತಗಾಗಿದೆ. ಮುಂದಿನ ಕೌದಿಗೆ ಅಂತ ಈಗಲೇ ಗುರುತು ಮಾಡಿ ಇಟ್ಟಿದ್ದೇನೆ.

ಊರಲ್ಲಿ ಹಾಕಿಸಿದ ಆ ಕೌದಿ ಮುಗಿಯಲು ಎಂಟು ದಿನ ಹಿಡಿಯಿತು. ಇಬ್ಬರಿಗೂ ಅಲ್ಲಿನ ಕೂಲಿಗಿಂತ ಜಾಸ್ತಿಯೇ ಕೊಟ್ಟೆ. "ಹಳೆ ಅರಿವಿಗೆ ಇಷ್ಟ್ಯಾಕ ರೊಕ್ಕ ಕೊಟ್ಟಿ? ಇದರಾಗ ಎರಡು ಬ್ಲ್ಯಾಂಕೆಟ್ ಬರ್ತಿದ್ದು" ಅಂದರು ಪಕ್ಕದ ಮನೆಯ ಕಾಕು. ಅರಿವಿ ಅಂದರೆ ನಮ್ಮ ಕಡೆ ಬಟ್ಟೆ. ನಾನು ಕೊಟ್ಟಿದ್ದು ಅರಿವಿಗಲ್ಲ ಕಾಕು, ಕೈಗೆ ಅಂದೆ. ಅವರು ಒಪ್ಪಲಿಲ್ಲ. ಆದರೆ ಮರುದಿನ ತಮ್ಮ ಎರಡು ಸೀರೆ ತಂದು ಅದೇ ಅಕ್ಕನ ಮುಂದೆ ಇಟ್ಟರು.

ಈಗ ಆ ಕೌದಿ ನನ್ನ ಮಗಳ ಹಾಸಿಗೆ ಮೇಲಿದೆ. ಮಲಗುವ ಮುಂಚೆ "ಇದು ಯಾರದು? ಇದು ಯಾರದು?" ಅಂತ ಒಂದೊಂದು ತುಂಡಿನ ಮೇಲೂ ಬೆರಳಿಡುತ್ತಾಳೆ. ಅವ್ವನ ಸೀರೆ ಬಂದಾಗ ಅಲ್ಲೇ ಕೆನ್ನೆ ಇಟ್ಟು ಮಲಗುತ್ತಾಳೆ. ಅವಳು ಅಜ್ಜಿಯನ್ನು ನೋಡಿಲ್ಲ.

ಒಂದು ವಿನಂತಿ. ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಹಾಲ್‌ನಲ್ಲಿ ಮುಂದಿನ ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕೂತು ಹೊಲಿಯೋಣ ಅಂತ ಮಾಡಿದ್ದೇವೆ. ಊರಿನ ಆ ಇಬ್ಬರು ಅಕ್ಕಂದಿರೂ ಬರಲು ಒಪ್ಪಿದ್ದಾರೆ. ಬಸ್ ಚಾರ್ಜು, ಕೂಲಿ ಎಲ್ಲ ನಾವು ಹಂಚಿಕೊಳ್ಳುತ್ತೇವೆ. ಮಾರಾಟಕ್ಕೆ ಏನೂ ಇರುವುದಿಲ್ಲ. ಹತ್ತಿಯ ಹಳೆ ಸೀರೆ, ಪಂಚೆ, ದುಪಟ್ಟಾ ಏನಿದ್ದರೂ ಒಗೆದು ತನ್ನಿ. ಹೊಲಿಯಲು ಬರದಿದ್ದರೂ ಬನ್ನಿ, ಗಂಡಸರೂ ಬನ್ನಿ. ಸೂಜಿ ದಾರ ನಾನು ತರುತ್ತೇನೆ. ಕೊನೆಯ ಮೂಲೆಗೆ ಹೋಳಿಗೆಯನ್ನೂ.