ಚಿತ್ರ ಸಾಲದು, ಮೊನೆ ಎಲ್ಲಿದೆ ಎಂದೂ ಹೇಳಬೇಕು

ವೆಬ್ ಪುಟದ ರೂಪ ನಿರ್ಧರಿಸುವ ಭಾಷೆಯಾದ ಸಿಎಸ್‌ಎಸ್‌ನಲ್ಲಿ ಚಿತ್ರದ ವಿಳಾಸ ಕೊಟ್ಟರೆ ಸಾಕು, ಮೌಸ್ ಕರ್ಸರ್ ಬದಲಾಗುತ್ತದೆ ಎಂದು ಕರ್ಸರ್ ಬದಲಿಸುವ ಬಗ್ಗೆ ನಾನು ಓದಿದ ಒಂದು ಲೇಖನ ಹೇಳುತ್ತದೆ. ಹಾಟ್‌ಸ್ಪಾಟ್ ಬಗ್ಗೆ, ಅಂದರೆ ಕರ್ಸರ್ ಚಿತ್ರದಲ್ಲಿ ಒತ್ತು ನಿಜವಾಗಿ ಬೀಳುವ ಬಿಂದುವಿನ ಬಗ್ಗೆ, ಅದರಲ್ಲಿ ಒಂದು ಮಾತೂ ಇಲ್ಲದಿರುವುದು ದೊಡ್ಡ ಕೊರತೆ.

ಅಕ್ಕನ ಮಗಳು ಚಿತ್ರ ಬಿಡಿಸಲೆಂದು ಒಂದು ಪುಟ ಮಾಡಿ, ಅದಕ್ಕೆ 32x32 ಪಿಕ್ಸೆಲ್‌ನ ಪೆನ್ಸಿಲ್ ಕರ್ಸರ್ ಹಾಕಿದ್ದೆ. ಮೊನೆ ಕೆಳಗಿನ ಎಡ ಮೂಲೆಯಲ್ಲಿತ್ತು. ಅವಳು ಗೆರೆ ಎಳೆದರೆ ಮೊನೆಯ ಬಳಿ ಏನೂ ಇಲ್ಲ, ಬೆರಳಗಲ ಮೇಲೆ ಗೆರೆ ಮೂಡುತ್ತಿತ್ತು! "ಮಾಮ, ಪೆನ್ಸಿಲ್ ಹಾಳಾಗಿದೆ" ಎಂದು ಅವಳು ಮುಖ ಸಣ್ಣ ಮಾಡಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ನಾವು ಹೇಳದಿದ್ದರೆ ಬ್ರೌಸರ್ ಪಿಎನ್‌ಜಿ ಚಿತ್ರದ ಮೇಲಿನ ಎಡ ಮೂಲೆಯನ್ನೇ ಮೊನೆ ಎಂದುಕೊಳ್ಳುತ್ತದೆ. ವಿಳಾಸದ ನಂತರ 0 31 ಎಂದು (ಎಡದಿಂದ 0, ಮೇಲಿನಿಂದ 31 ಪಿಕ್ಸೆಲ್) ಎರಡು ಅಂಕಿ ಬರೆದೆ, ಗೆರೆ ಮೊನೆಗೇ ಬಂದು ಕೂತಿತು.

ಕೊನೆಯಲ್ಲಿ ಅಲ್ಪವಿರಾಮ ಹಾಕಿ 'ಆಟೋ' (auto) ಎಂಬಂಥ ಬದಲಿ ಕರ್ಸರ್ ಹೆಸರನ್ನು ಕೊಡಲೇಬೇಕು. ಅದಿಲ್ಲದಿದ್ದರೆ ಇಡೀ ಸಾಲನ್ನೇ ಬ್ರೌಸರ್ ಕೈಬಿಡುತ್ತದೆ. ಚಿತ್ರ 128 ಪಿಕ್ಸೆಲ್ ಮೀರಿದರೂ ಕ್ರೋಮ್, ಫೈರ್‌ಫಾಕ್ಸ್ ಒಪ್ಪುವುದಿಲ್ಲ.

ಇನ್ನೊಂದು ಕೋರಿಕೆ: ಲಿಂಕ್ ಮೇಲಿನ ಕೈ ಗುರುತನ್ನು, ಅಕ್ಷರಗಳ ಮೇಲಿನ ನಿಂತ ಗೆರೆಯನ್ನು ದಯವಿಟ್ಟು ಮುಟ್ಟಬೇಡಿ. ಎಲ್ಲಿ ಒತ್ತಬಹುದೆಂದು ನನ್ನ ತಂದೆಗೆ ಗೊತ್ತಾಗುವುದೇ ಆ ಕೈಯಿಂದ.