ಬಾಣಂತನವನ್ನು ಬೈಯುವ ಮೊದಲು ಅಮ್ಮನ ಹತ್ತಿರ ಕೇಳಿ

ಕಾಸರಗೋಡಿನ ನಮ್ಮ ಬದಿಯಡ್ಕ, ಪೆರ್ಲದ ಕಡೆ "ನಮ್ಮಲ್ಲಿ ಶುಗರ್ ಉಂಟು, ಅಜ್ಜನಿಗೂ ಇತ್ತು" ಎಂದು ಜಗಲಿಯಲ್ಲಿ ಕೂತೇ ಹೇಳುತ್ತಾರೆ. ಗರ್ಭಕೋಶ ಜಾರಿದ್ದನ್ನು ಮಾತ್ರ ಅಮ್ಮ ಮಗಳಿಗೂ ಹೇಳುವುದಿಲ್ಲ. ಕೆಮ್ಮಿದರೆ, ಸೀನಿದರೆ ಮೂತ್ರ ಹೋಗುತ್ತದೆ ಅಂತ ಮದುವೆ, ಪೂಜೆಗೆ ಹೋಗುವುದನ್ನೇ ಬಿಟ್ಟವರಿದ್ದಾರೆ. ಕೇಳಿದರೆ ಸೊಂಟನೋವು ಎನ್ನುತ್ತಾರೆ.

ಗೊತ್ತಾದ ಮೇಲೆ ಬರುವ ಮಾತು ಇನ್ನೂ ಕಷ್ಟ. "ಬಾಣಂತನದಲ್ಲಿ ಸರಿಯಾಗಿ ಮಲಗಲಿಲ್ಲ, ಬೇಗ ಸೊಪ್ಪು ಹೊತ್ತಳು." ನನಗೆ ಸಿಟ್ಟು ಬರುವುದು ಇಲ್ಲೇ. ಹೆರಿಗೆ, ಭಾರ ಹೊರುವುದು, ಹಳೇ ಕೆಮ್ಮು, ಮಲಬದ್ಧತೆ, ಮುಟ್ಟು ನಿಂತ ಮೇಲಿನ ಬದಲಾವಣೆ ಎಲ್ಲ ಕಾರಣ ಹೌದು. ಆದರೆ ಒಂದೇ ಅಡಿಕೆ ತೋಟದಲ್ಲಿ ದುಡಿದು, ಅಷ್ಟೇ ಮಕ್ಕಳನ್ನು ಹೆತ್ತ ಇಬ್ಬರಲ್ಲಿ ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಯಾಕೆ ಬರುವುದಿಲ್ಲ?

ಸ್ವೀಡನ್‌ನಲ್ಲಿ ಸಾವಿರಾರು ಅವಳಿ ಅಕ್ಕತಂಗಿಯರನ್ನು ಹೋಲಿಸಿ ನೋಡಿದ ಅಧ್ಯಯನ 2008ರಲ್ಲಿ ಬಂತು. ಈ ತೊಂದರೆಗೆ ಆಪರೇಷನ್ ಯಾರಿಗೆ ಬೇಕಾಗುತ್ತದೆ, ಯಾರಿಗೆ ಬೇಡ ಎಂಬ ವ್ಯತ್ಯಾಸದಲ್ಲಿ ಸುಮಾರು ಶೇ. 40 ಪಾಲು ವಂಶದಿಂದಲೇ ಬಂದದ್ದು ಎಂದು ಅದರಲ್ಲಿ ಕಂಡಿತು. 2020ರಲ್ಲಿ ಐಸ್‌ಲ್ಯಾಂಡ್ ಮತ್ತು ಬ್ರಿಟನ್‌ನ ಹೆಂಗಸರ ಡಿಎನ್‌ಎ ನೋಡಿದವರು ಗರ್ಭಕೋಶ, ಮೂತ್ರಕೋಶ ಜಾರುವುದಕ್ಕೆ ಸಂಬಂಧವಿರುವ 7 ಜಾಗಗಳನ್ನು ಆ ಡಿಎನ್‌ಎಯಲ್ಲಿ ಗುರುತಿಸಿದರು. ಅದರಲ್ಲಿ ಒಂದು ಇಎಫ್‌ಇಎಂಪಿ1 ಎಂಬ ಜೀನ್ (ವಂಶವಾಹಿ) ಇರುವ ಜಾಗ. ಒಳಗಿನ ಅಂಗಗಳನ್ನು ಹಿಡಿದು ನಿಲ್ಲಿಸುವ ನಾರಿನಂಥ ಅಂಗಾಂಶಕ್ಕೆ ಈ ಜೀನ್ ಬೇಕು. ಅಲ್ಲಿನ ಅದೇ ಬದಲಾವಣೆ ಹರ್ನಿಯಾ ಇರುವವರಲ್ಲೂ ಕಂಡಿದೆ. ಅಂದರೆ ಕೆಲವರ ಅಂಗಾಂಶವೇ ಹುಟ್ಟಿನಿಂದ ಸ್ವಲ್ಪ ಸಡಿಲ. ಅದು ಆ ಬಾಣಂತಿಯ ತಪ್ಪಾಗುವುದು ಹೇಗೆ?

ಅಮ್ಮನಿಗೋ ಅಕ್ಕನಿಗೋ ಇದ್ದರೆ ನಮಗೆ ಬರುವ ಸಾಧ್ಯತೆ ಉಳಿದವರಿಗಿಂತ ಸುಮಾರು ಎರಡೂವರೆ ಪಟ್ಟು ಜಾಸ್ತಿ. ಬಂದೇ ಬರುತ್ತದೆ ಅಂತಲ್ಲ, ಸುಮ್ನೆ ಹೆದರಬೇಡಿ. ಹೆರಿಗೆಯ ಮೊದಲೇ ಗೊತ್ತಿದ್ದರೆ ಡಾಕ್ಟರಿಗೆ ಹೇಳಬಹುದು, ಕೆಳಗಿನ ಸ್ನಾಯುಗಳನ್ನು ಬಿಗಿ ಹಿಡಿದು ಬಿಡುವ ಕೆಗೆಲ್ ವ್ಯಾಯಾಮವನ್ನು ಸರಿಯಾಗಿ ಕಲಿತುಕೊಳ್ಳಬಹುದು. ಜಾರಿದ ಮೇಲೂ ಎಲ್ಲರಿಗೂ ಆಪರೇಷನ್ನೇ ಬೇಕೆಂದಿಲ್ಲ, ಒಳಗೆ ಇಡುವ ಪೆಸರಿ ಎಂಬ ರಿಂಗ್ ಉಂಟು.

ಹಾಗಾಗಿ ಅಮ್ಮನ ಹತ್ತಿರ ಕೇಳಿ. ಚಿಕ್ಕಮ್ಮ, ದೊಡ್ಡಮ್ಮನ ಹತ್ತಿರವೂ ಕೇಳಿ, ಮನೆಯಲ್ಲಿ ಯಾರಿಗೆಲ್ಲ ಹರ್ನಿಯಾ ಆಗಿದೆ ಅಂತಲೂ ಕೇಳಿ. ಮತ್ತೆ ಒಂದು ಮಾತು. ಡಾಕ್ಟರಿಗೆ ಮಲಯಾಳ ಮಾತ್ರ ಬರುವ ಕಡೆ, ಕನ್ನಡ ಬಿಟ್ಟು ಬೇರೆ ಗೊತ್ತಿಲ್ಲದ ಅಮ್ಮ ಇದನ್ನೆಲ್ಲ ಮಗನ ಬಾಯಿಂದ ಹೇಳಿಸಬೇಕಾಗುತ್ತದೆ. ಅರ್ಧ ಹೇಳಿ ವಾಪಸ್ ಬರುತ್ತಾರೆ ಅಲ್ವಾ? ಮಗಳೋ ಸೊಸೆಯೋ ಅವರ ಜೊತೆ ಒಳಗೆ ಹೋಗಿ.