ಎಂಜಲು ಕಳಿಸಿ, ಮುತ್ತಜ್ಜನನ್ನು ಪಡೆಯಿರಿ

ಅಮೆರಿಕದವರಿಗೆ ಮುತ್ತಜ್ಜನನ್ನು ಹುಡುಕುವ ಹುಚ್ಚು ಜಾಸ್ತಿ. ಅಲ್ಲಿನ ಸರ್ಕಾರವೂ ಇದಕ್ಕೆ ಕುಮ್ಮಕ್ಕು ಕೊಡುತ್ತದೆ. ಜನಗಣತಿಯ ಹಾಳೆಗಳಿಗೆ 72 ವರ್ಷ ಬೀಗ ಹಾಕಿಟ್ಟು, ಆಮೇಲೆ ಊರಿಗೆಲ್ಲ ತೋರಿಸುತ್ತದೆ. 1950ರ ಗಣತಿ ಹೊರಬಂದದ್ದು 2022ರ ಏಪ್ರಿಲ್ 1ಕ್ಕೆ. ಅದರಲ್ಲಿ ಬರೆದದ್ದೆಲ್ಲ ವೇದವಾಕ್ಯ ಅಂದುಕೊಳ್ಳಬೇಡಿ. ಮನೆಯಲ್ಲಿ ಯಾರೂ ಸಿಗದಿದ್ದರೆ ಪಕ್ಕದ ಮನೆಯವರು ಹೇಳಿದ್ದೇ ಹೆಸರು, ಅವರು ಹೇಳಿದ್ದೇ ವಯಸ್ಸು. 1890ರ ಗಣತಿಯಂತೂ ಬಹುಪಾಲು 1921ರ ಬೆಂಕಿಯಲ್ಲಿ ಹಾಳಾಯಿತು. ಅಳಿದುಳಿದದ್ದನ್ನು ಮುಂದೆ ಸರ್ಕಾರವೇ ನಾಶಮಾಡಿತು. ಕಡತ ವಿಲೇವಾರಿ ಅಂದರೆ ಅದು!

ಹಾಳೆ ಹೋದರೇನು, ಎಂಜಲಿದೆಯಲ್ಲ. ಕೊಳವೆಗೆ ಉಗುಳಿ, ದುಡ್ಡು ಕಟ್ಟಿ, ಅಂಚೆಗೆ ಹಾಕಿದರೆ ಡಿಎನ್ಎ ಪರೀಕ್ಷೆ ಮುಗಿಸಿ ಕುಲದ ಜಾತಕ ಕಳಿಸುತ್ತಾರೆ. ಕೆಲವರಿಗೆ ಗೊತ್ತೇ ಇಲ್ಲದ ಅಣ್ಣನೂ ಸಿಗುತ್ತಾನೆ. ಆಮೇಲೆ ಅಪ್ಪ ಊಟಕ್ಕೆ ಕರೆದರೂ ಬರುವುದಿಲ್ಲ, ಅದು ಬೇರೆ ಮಾತು. ಲೋಟ ಕಚ್ಚಿ ಕುಡಿದರೆ ‘ಎಂಜಲು, ಎಂಜಲು’ ಎಂದು ಕಿರುಚುವ ನಮ್ಮ ಮಡಿವಂತರ ಮಕ್ಕಳೂ ಅಲ್ಲಿಗೆ ಹೋದ ಮೇಲೆ ಸಾಲಾಗಿ ಉಗುಳಿದರು. ಬಂದ ಉತ್ತರ: ದಕ್ಷಿಣ ಭಾರತ. ಗೋತ್ರದ ಸುದ್ದಿಯೇ ಇಲ್ಲ!

ಇಂಥ ಎಂಜಲು ಕೂಡಿಹಾಕಿದ ದೊಡ್ಡ ಕಂಪನಿ 23ಅಂಡ್‌ಮಿ. 2023ರಲ್ಲಿ ಸುಮಾರು 69 ಲಕ್ಷ ಜನರ ವಿವರ ಕಳ್ಳರ ಪಾಲಾಯಿತು. 2025ರ ಮಾರ್ಚಿನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಮುತ್ತಜ್ಜನ ಗದ್ದೆಯನ್ನು ಬ್ಯಾಂಕಿನವರು ಹರಾಜು ಹಾಕಿದ್ದು ನೋಡಿದ್ದೇವೆ, ಇಲ್ಲಿ ಮುತ್ತಜ್ಜನೇ ಹರಾಜಿಗೆ ಬಂದ. ಕೊನೆಗೆ 30.5 ಕೋಟಿ ಡಾಲರಿಗೆ ಕೊಂಡದ್ದು ಯಾರು? ಕಂಪನಿ ಕಟ್ಟಿದವರಲ್ಲಿ ಒಬ್ಬಾಕೆಯೇ ಶುರುಮಾಡಿದ ಇನ್ನೊಂದು ಸಂಸ್ಥೆ. ಉಗುಳಿದವರು ಸುಮ್ನೆ ನೋಡುತ್ತಾ ನಿಂತರು.

ನಮ್ಮಲ್ಲಿ ಈ ರಗಳೆಯೇ ಬೇಡ. 1948ರ ಕಾಯ್ದೆಯಂತೆ ಗಣತಿಯ ಹಾಳೆಯನ್ನು ನಾವು ನೀವು ನೋಡುವಂತಿಲ್ಲ. ಮುತ್ತಜ್ಜ ನೆನಪಾಗುವುದೂ ತೀರಿಕೊಂಡವರ ಜಮೀನನ್ನು ನಮ್ಮ ಹೆಸರಿಗೆ ಬರೆಸಿಕೊಳ್ಳುವ ಪೌತಿ ಖಾತೆ ಮಾಡಿಸುವಾಗ ಮಾತ್ರ, ಅಲ್ವಾ? ಆಗ ನಾಡಕಚೇರಿಗೆ ಹೋಗಿ ವಂಶವೃಕ್ಷ ಮಾಡಿಸಬೇಕು. ಒಂದು ಅಫಿಡವಿಟ್, ಊರಿನ ನಾಲ್ಕು ಜನರ ಸಹಿ ಹಾಕಿಸಿದ ಮಹಜರು. ಉಗುಳುವ ಕೆಲಸವೇ ಇಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಬಂದು ಆಸ್ತಿಯಲ್ಲಿ ಮಗಳಿಗೂ ಸಮಪಾಲು ಅಂದ ಮೇಲಂತೂ ಈ ಮರದಲ್ಲಿ ಗಂಡುಕೊಂಬೆಗಳೇ ಜಾಸ್ತಿ ಚಿಗುರುತ್ತಿವೆ.

‘ನಿಮ್ಮ ತಂದೆಗೆ ಹೆಣ್ಣುಮಕ್ಕಳು ಎಷ್ಟು ಜನ?’

‘ಯಾರೂ ಇಲ್ಲ ಸಾರ್.’

‘ಮೊನ್ನೆ ಗೌರಿ ಹಬ್ಬಕ್ಕೆ ಬಂದು ಬಾಗಿನ ತಗೊಂಡು ಹೋದರಲ್ಲ, ಅವರು?’

‘ಅವರು ನೆಂಟರು ಸಾರ್.’